40 ಜನರಲ್ಲಿ ಸಿಕ್ಕ ಸಂಬಂಧ 80 ಜನರಲ್ಲಿ ಮಾಯ, ಎಲ್ಲಿ ತಪ್ಪಿದೆ?

ಮಂಡಕ್ಕಿಮಿರ್ಚಿ, ದಾವಣಗೆರೆ:
ಎಂ.ಎ. ಸೈಕಾಲಜಿ ಪ್ರಾಜೆಕ್ಟ್. ವಿದ್ಯಾನಗರದ ಪಿಜಿಗಳಲ್ಲಿ 40 ಹುಡುಗರ ಹತ್ತಿರ ಫಾರ್ಮ್ ತುಂಬಿಸಿದೆ. ನಿದ್ದೆಗೆಟ್ಟ ರಾತ್ರಿಗಳಿಗೂ ಪರೀಕ್ಷೆ ಭಯಕ್ಕೂ ಆರ್ (ಸಂಬಂಧದ ಬಲ, 0 ಅಂದರೆ ಏನೂ ಇಲ್ಲ, 1 ಅಂದರೆ ಪೂರ್ತಿ) 0.33, ಪಿ ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಬಲ ಸುಮ್ನೆ ಕಾಣುವ ಸಂಭವ, 0.05ರ ಒಳಗಿದ್ದರೆ ಪಾಸ್) 0.04 ಬಂತು. ಕುಣಿದಾಡಿಬಿಟ್ಟೆ. ಗೈಡ್ ಮೇಡಂ "ಇನ್ನೊಂದಿಷ್ಟು ಜನರನ್ನು ಸೇರಿಸು" ಅಂದರು. ಟೀ ಕೊಡಿಸಿ ಮತ್ತೆ 40 ಜನರನ್ನು ಹಿಡಿದೆ. ಈಗ ಒಟ್ಟು 80ಕ್ಕೆ ಪಿ 0.21! ಡೇಟಾ ಜಾಸ್ತಿಯಾದರೆ ಫಲಿತಾಂಶ ಗಟ್ಟಿಯಾಗಬೇಕು ಅಲ್ವಾ? ಲೆಕ್ಕ ಹಾಕೋ ಸಾಫ್ಟ್‌ವೇರ್ ಜಮೋವಿ ಕೈಕೊಟ್ಟಿತಾ?

ಕೋಟೆಬಾಗಿಲು, ಚಿತ್ರದುರ್ಗ:
ಪಾಪದ ಜಮೋವಿ ಮೇಲೆ ಗೂಬೆ ಕೂರಿಸಬೇಡಿ. ಭಯದ ಪ್ರಶ್ನೆಗಳ ನಡುವೆ "ಪರೀಕ್ಷೆ ಹಾಲ್‌ನಲ್ಲಿ ನಾನು ಆರಾಮಾಗಿರುತ್ತೇನೆ" ಅನ್ನೋ ತರಹದ ಉಲ್ಟಾ ಪ್ರಶ್ನೆ ಇದ್ದರೆ ಅದರ ಅಂಕ ತಿರುಗಿಸಬೇಕು, 5 ಇದ್ದದ್ದು 1, 4 ಇದ್ದದ್ದು 2. ಎರಡನೇ ಕಂತಿನಲ್ಲಿ ಅದು ಮರೆತಿರಬಹುದು. ಎರಡೂ ಕಂತಿಗೆ ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಳತೆ, ಕಡಿಮೆ ಬಂದರೆ ಏನೋ ತಪ್ಪಿದೆ ಅಂತ) ಬೇರೆ ಬೇರೆ ತೆಗೆದು ನೋಡಿ.

ಮಂಡಕ್ಕಿಮಿರ್ಚಿ:
ಅಯ್ಯೋ ಹೌದು ಸರ್! ಎರಡನೇದರಲ್ಲಿ ಆಲ್ಫಾ 0.41 ಇತ್ತು, ತಿರುಗಿಸಿದ ಮೇಲೆ 0.79. ಆದರೂ ಪಿ 0.16ಕ್ಕೇ ನಿಂತಿದೆ.

ಕೋಟೆಬಾಗಿಲು:
ಬೇಜಾರಾಗಬೇಡಿ, ಮೊದಲ 40 ಜನರಲ್ಲಿ ಯಾವುದಕ್ಕೂ ಯಾವುದಕ್ಕೂ ಸಂಬಂಧ ಇದೆ ಅಂತ ಒಟ್ಟು ಎಷ್ಟು ಜೋಡಿ ನೋಡಿದ್ದಿರಿ?

ಮಂಡಕ್ಕಿಮಿರ್ಚಿ:
ನಿದ್ದೆ, ಮೊಬೈಲ್, ಟೀ, ಒಂಟಿತನ, ಮನೆ ನೆನಪು... ಎಲ್ಲ ಸೇರಿ 20. ಇದೊಂದೇ 0.05ರ ಒಳಗೆ ಬಂದಿತ್ತು.

ಕೋಟೆಬಾಗಿಲು:
ಸಿಕ್ಕಿತು ನೋಡಿ. ಯಾವುದರಲ್ಲೂ ಸಂಬಂಧವೇ ಇಲ್ಲದಿದ್ದರೂ, ಒಂದಕ್ಕೊಂದು ನಂಟಿಲ್ಲದ 20 ಟೆಸ್ಟ್ ಮಾಡಿದರೆ ಒಂದಾದರೂ ಸುಮ್ನೆ 0.05ರ ಒಳಗೆ ಬೀಳುವ ಸಂಭವ ಸುಮಾರು ಶೇ. 64. ಬಾನ್‌ಫೆರೋನಿ ಲೆಕ್ಕ (0.05 ಅನ್ನು ಟೆಸ್ಟ್‌ಗಳ ಸಂಖ್ಯೆಯಿಂದ ಭಾಗಿಸೋದು) ಹಿಡಿದರೆ ಗಡಿ 0.0025ಕ್ಕೆ ಇಳಿಯುತ್ತದೆ, ನಿಮ್ಮ 0.04 ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. 40 ಜನರಲ್ಲಿ ಆರ್ 0.33 ಅಂದರೆ ಶೇ. 95ರ ಅಂತರ (ನಿಜವಾದ ಸಂಬಂಧ ಇರಬಹುದಾದ ವ್ಯಾಪ್ತಿ) 0.02ರಿಂದ 0.58ರ ತನಕ. ಇಲಿಯೂ ಆಗಬಹುದು, ಎಮ್ಮೆಯೂ ಆಗಬಹುದು! 0.3ರಷ್ಟು ಸಂಬಂಧ ನಿಜವಾಗಿ ಇದ್ದರೂ ಅದನ್ನು ಶೇ. 80 ಸಲ ಹಿಡಿಯೋಕೆ ಸುಮಾರು 85 ಜನ ಬೇಕು.

ನೀವೊಬ್ಬರೇ ಅಲ್ಲ ಬಿಡಿ. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ವರದಿ 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಮೂಲದಲ್ಲಿ ಶೇ. 97 ಪಾಸಾಗಿದ್ದವು, ಎರಡನೇ ಸಲ ಶೇ. 36.

ಈಗ ಹೀಗೆ ಮಾಡಿ: ಮೊದಲ 40 ಬರೀ ಹುಡುಕಾಟ ಅಂತ ಬರೆಯಿರಿ, 20 ಜೋಡಿಗಳನ್ನೂ ಟೇಬಲ್‌ಗೆ ಹಾಕಿ. ಎರಡನೇ 40ರಲ್ಲಿ ನಿದ್ದೆಯದೊಂದೇ ಪ್ರಶ್ನೆ ಪರೀಕ್ಷಿಸಿ. ಪಿ ಇಳಿಯೋ ತನಕ ಜನರನ್ನು ಸೇರಿಸುತ್ತಾ ಹೋಗೋದು ಮಾತ್ರ ಬೇಡ.

ಮಂಡಕ್ಕಿಮಿರ್ಚಿ:
ಎರಡನೇ 40 ಮಾತ್ರ ತೆಗೆದೆ ಸರ್. ಆರ್ 0.01. ಟೇಬಲ್ ಮಾಡೋಕೆ ಕೂತಿದ್ದೇನೆ, ನಾಳೆ ಮೇಡಂ ಮುಂದೆ ಇಡುತ್ತೇನೆ.