ದಸರಾ ರಜೆಗೆ ಒಂದು ದಿನದ ಕಾರ್ ಟ್ರಿಪ್, ಖರ್ಚು ಕಮ್ಮಿ ಇರಬೇಕು

ಪ್ರಶ್ನೆ: ಮಂಡ್ಯದಿಂದ ಹೊರಡುತ್ತೇವೆ. ಹಳೇ ಆಲ್ಟೊ. ನಾವಿಬ್ಬರು, ಏಳನೇ ಕ್ಲಾಸ್ ಮಗಳು, ನಾಲ್ಕನೇ ಕ್ಲಾಸ್ ಮಗ, ಜೊತೆಗೆ ಮಂಡಿನೋವಿನ ಅತ್ತೆ. ಮಾಲು, ವಾಟರ್ ಪಾರ್ಕು ಬೇಡ. ಮಕ್ಕಳು ಏನಾದ್ರೂ ತಿಳ್ಕೊಳ್ಳೋ ಜಾಗ ಹೇಳಿ.

ಉತ್ತರ 1: ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಿಂದ ಶುರು ಮಾಡಿ. ಪಡುವಣ ಗೋಡೆ ತುಂಬಾ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಪತಿ ಕರ್ನಲ್ ಬೇಯ್ಲಿಯನ್ನು (Baillie) ಹುಡುಕಿ ಅಂತ ಮಕ್ಕಳಿಗೆ ಹೇಳಿ, ಸ್ವಲ್ಪ ಹೊತ್ತು ಗಲಾಟೆ ಇರಲ್ಲ! ಅತ್ತೆ ತೋಟದ ನೆರಳಲ್ಲಿ ಕೂರಬಹುದು. ಆಮೇಲೆ ಬನ್ನೂರು ಮೇಲೆ ಸೋಮನಾಥಪುರ. 13ನೇ ಶತಮಾನದ ಹೊಯ್ಸಳ ಗುಡಿ, ಜಗತಿ (ಗುಡಿ ನಿಂತಿರೋ ಎತ್ತರದ ಕಟ್ಟೆ) ನಕ್ಷತ್ರದ ಆಕಾರ. ಅದರ ಮೂಲೆಗಳನ್ನು ಮಗನ ಕೈಲಿ ಎಣಿಸಿ. ಊಟ ಮನೆಯಿಂದಲೇ ಕಟ್ಕೊಳ್ಳಿ. ಹೋಟೆಲ್ ಬಿಲ್ಲೇ ಜಾಸ್ತಿ ಆಗೋದು.

ಉತ್ತರ 2: ಮಗಳಿಗೆ ವಿಜ್ಞಾನ ಇಷ್ಟನಾ? ಹಾಗಿದ್ರೆ ಶಿವನಸಮುದ್ರ ಸೇರಿಸಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ್ದು ಅಲ್ಲಿನ ಜಲವಿದ್ಯುತ್ ಕೇಂದ್ರದಿಂದಲೇ. ಮಳೆ ಚೆನ್ನಾಗಿದ್ರೆ ಅಲ್ಲಿನ ಗಗನಚುಕ್ಕಿ ಜಲಪಾತ ಭೋರ್ಗರೆಯುತ್ತೆ.

ಪ್ರಶ್ನೆ ಕೇಳಿದವರು: ಮೂರೂ ಒಂದೇ ದಿನಕ್ಕೆ ಅತ್ತೆಗೆ ಕಷ್ಟ, ಅಲ್ವಾ? ಶಿವನಸಮುದ್ರ ಇನ್ನೊಂದು ಭಾನುವಾರಕ್ಕೆ ಇಟ್ಕೊಳ್ತೀವಿ. ಪುಳಿಯೋಗರೆ ಅತ್ತೆಯದ್ದೇ.