ಅಪ್‌ಡೇಟ್: ಸ್ಫಿಂಕ್ಸ್‌ನ ಪಿಡಿಎಫ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಯಾಯಿತು

ನನ್ನ ಪ್ರಶ್ನೆ ಇದಾಗಿತ್ತು: ಸ್ಫಿಂಕ್ಸ್‌ನ (ಕೈಪಿಡಿ ತಯಾರಿಸುವ ಪೈಥಾನ್ ತಂತ್ರಾಂಶ) ಎಚ್‌ಟಿಎಂಎಲ್ ಕೈಪಿಡಿ ಚೆನ್ನಾಗಿ ಬರುತ್ತದೆ, ಪಿಡಿಎಫ್‌ನಲ್ಲಿ ಮಾತ್ರ 'ಕ್ಷ', 'ಸ್ತ' ಬಿಡಿಬಿಡಿಯಾಗಿ ಬೀಳುತ್ತವೆ. ಈಗ ಬಗೆಹರಿದಿದೆ.

ಸ್ಫಿಂಕ್ಸ್ ಪಿಡಿಎಫ್ ಮಾಡುವುದು ಲೇಟೆಕ್ ಎಂಬ ಅಕ್ಷರಜೋಡಣೆ ವ್ಯವಸ್ಥೆಯ ಮೂಲಕ; ಅದರ ಪೂರ್ವನಿಯೋಜಿತ ಎಂಜಿನ್ ಪಿಡಿಎಫ್‌ಲೇಟೆಕ್ ಕನ್ನಡಕ್ಕೆ ಆಗಿಬರುವುದಿಲ್ಲ. ಸ್ಫಿಂಕ್ಸ್‌ನ ಸೆಟ್ಟಿಂಗ್‌ಗಳಿರುವ ಕಾನ್ಫ್.ಪೈ ಕಡತದಲ್ಲಿ ಲೇಟೆಕ್ ಎಂಜಿನ್ ಅನ್ನು ಝೀಲೇಟೆಕ್‌ಗೆ ಬದಲಿಸಿದ್ದೆ, ಆದರೆ ಅಷ್ಟು ಸಾಲದು. ಫಾಂಟ್ ಹೆಸರಿನ ಜೊತೆಗೆ ಲಿಪಿ ಕನ್ನಡವೆಂದೂ ಹೇಳಬೇಕು. ಇಲ್ಲವಾದರೆ ಫಾಂಟ್‌ನೊಳಗಿನ ಒತ್ತು ಕೂಡಿಸುವ ನಿಯಮಗಳು ಓಡುವುದೇ ಇಲ್ಲ. ನನ್ನ ತಪ್ಪು ಇದೇ. ಅದೇ ಕಡತದ ಲೇಟೆಕ್ ಎಲಿಮೆಂಟ್ಸ್‌ನ ಫಾಂಟ್‌ಪಿಕೆಜಿ ಕೀಲಿಯಲ್ಲಿ ಲಿಪಿಯ ಜೊತೆಗೆ ಮುಖ್ಯ ಫಾಂಟ್‌ಗೆ ನೋಟೋ ಸೆರಿಫ್ ಕನ್ನಡ, ಸ್ಯಾನ್ಸ್‌ಗೆ (ತುದಿಗೆರೆಗಳಿಲ್ಲದ ಫಾಂಟ್) ನೋಟೋ ಸ್ಯಾನ್ಸ್ ಕನ್ನಡ ಕೊಟ್ಟೆ. ಸ್ಯಾನ್ಸ್ ಮರೆತರೆ ಶೀರ್ಷಿಕೆಗಳು ಕೆಡುತ್ತವೆ, ಏಕೆಂದರೆ ಸ್ಫಿಂಕ್ಸ್ ಅವನ್ನು ಸ್ಯಾನ್ಸ್‌ನಲ್ಲೇ ಜೋಡಿಸುತ್ತದೆ. ಆ ಕೀಲಿಯ ಪಠ್ಯವನ್ನು ರಾ ಸ್ಟ್ರಿಂಗ್ ಆಗಿಯೇ (ಉದ್ಧರಣ ಚಿಹ್ನೆಯ ಮುಂದೆ r ಹಾಕಿ) ಬರೆಯಿರಿ. ಇಲ್ಲದಿದ್ದರೆ ಬ್ಯಾಕ್‌ಸ್ಲ್ಯಾಶ್ ಜೊತೆ 'ನ್ಯೂ' (new) ಎಂದು ಶುರುವಾಗುವ ಲೇಟೆಕ್ ಆದೇಶದ ಮೊದಲ ಭಾಗವಾದ \n ಅನ್ನು ಪೈಥಾನ್ ಹೊಸ ಸಾಲೆಂದು ಓದಿಬಿಡುತ್ತದೆ.

ಎಂಜಿನ್ ಬದಲಿಸಿದ ಮೇಲೆ ಮೇಕ್ ಕ್ಲೀನ್ ಆದೇಶ ಕೊಟ್ಟು ಹಳೆಯ ಬಿಲ್ಡ್ ಅಳಿಸಿ; ಹಿಂದಿನ ಬಿಲ್ಡ್‌ನಿಂದ ಉಳಿದ ಆಕ್ಸ್ (ಲೇಟೆಕ್‌ನ ಸಹಾಯಕ) ಕಡತಗಳು ಸುಳ್ಳು ದೋಷ ತೋರಿಸಬಹುದು.

ಉಳಿದದ್ದು ಕೋಡ್ ಬ್ಲಾಕ್. ಕೋಡ್‌ಗೆ ಬಳಸುವ ಮಾನೋ ಫಾಂಟ್‌ನಲ್ಲಿ (ಎಲ್ಲ ಅಕ್ಷರಕ್ಕೂ ಒಂದೇ ಅಗಲ) ಕನ್ನಡವಿಲ್ಲದಿದ್ದರೆ ಬಿಲ್ಡ್ ನಿಲ್ಲುವುದಿಲ್ಲ, ಅಕ್ಷರದ ಜಾಗ ಸುಮ್ಮನೆ ಖಾಲಿ ಅಥವಾ ಡಬ್ಬಿ. ಲಾಗ್‌ನಲ್ಲಿ 'ಮಿಸ್ಸಿಂಗ್ ಕ್ಯಾರೆಕ್ಟರ್' ಹುಡುಕಿ. ಮಾನೋ ಬದಲು ಸ್ಯಾನ್ಸ್ ಹಾಕಿದರೆ ಕೋಡ್‌ನ ಅಂಕಣಗಳು ಓರೆಯಾಗುತ್ತವೆ, ಹಾಗಾಗಿ ಕನ್ನಡ ಟಿಪ್ಪಣಿಗಳನ್ನೇ ಬ್ಲಾಕ್‌ನ ಹೊರಗೆ ತಂದೆ.