ಮಾವನ ಫಾರ್ವರ್ಡೂ ಕೊನೆಯ ಹಾವುರಾಣಿಯೂ

ಕಾರವಾರದ ಮಾವ: (ಫಾರ್ವರ್ಡ್) ‘ವಿಷಕಾರಿ ಭಾರತೀಯ ಹಾವು ಒಂದು ದ್ವೀಪದ ಹಾವುರಾಣಿ ಸಂತತಿಯನ್ನೇ ನುಂಗಿ ನೀರು ಕುಡಿಯಿತು! ಎಲ್ಲರಿಗೂ ಕಳುಹಿಸಿ.’

ಶಿರಸಿಯ ದೊಡ್ಡಮ್ಮ: ಹೋದರೆ ಹೋಗಲಿ ಬಿಡು, ಪೀಡೆ. ಹಾವುರಾಣಿ ಹಾವಿಗಿಂತ ವಿಷ. ನಿನ್ನೆ ಬಚ್ಚಲಿನ ಕಟ್ಟಿಗೆ ರಾಶಿಯಿಂದ ಒಂದು ಹೊರಬಿತ್ತು. ಕಸಬರಿಗೆ ಬೀಸಿದರೆ ಬಾಲವನ್ನು ಅಲ್ಲೇ ಬಿಟ್ಟು ಓಡಿತು. ಆ ಬಾಲ ಎಷ್ಟು ಹೊತ್ತು ಕುಣಿಯಿತು ಎನ್ನುತ್ತೀ!

ನಾನು: ದೊಡ್ಡಮ್ಮ, ಅದಕ್ಕೆ ವಿಷವೇ ಇಲ್ಲ. ವಿಷವಿದ್ದರೆ ಬಾಲ ಕೊಟ್ಟು ಜೀವ ಉಳಿಸಿಕೊಳ್ಳುವ ಗತಿ ಯಾಕೆ ಬರುತ್ತಿತ್ತು? ಮಾವ, ನೀವು ಹಾಕಿದ್ದರಲ್ಲಿ ಅರ್ಧ ಸುಳ್ಳು. ಅದು ಜಾವಾದ ದಕ್ಷಿಣಕ್ಕಿರುವ, ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪದ ಕಥೆ. 1980ರ ದಶಕದಲ್ಲಿ ಸರಕಿನ ಜೊತೆ ಅಲ್ಲಿಗೆ ಬಂದು ಸೇರಿಕೊಂಡದ್ದು ಆಗ್ನೇಯ ಏಷ್ಯಾದ ತೋಳ ಹಾವು. ನಮ್ಮ ಗೋಡೆ ಸಂದಿಯಲ್ಲಿರುವುದು ಅದರ ದಾಯಾದಿ. ವಿಷದ ಕಡಂಬಳ ಹಾವೆಂದು ತಿಳಿದು ಸುಮ್ಮನೆ ಹೊಡೆದು ಹಾಕುತ್ತೇವಲ್ಲ, ಅದೇ. ಎರಡರಿಂದಲೂ ಮನುಷ್ಯರಿಗೆ ಅಪಾಯವಿಲ್ಲ.

ಕಾರವಾರದ ಮಾವ: ಯಾವ ದೇಶದ್ದಾದರೇನು, ತಿಂದದ್ದು ಹಾವೇ ತಾನೆ?

ನಾನು: ಹೆಚ್ಚಿನ ಶಂಕೆ ಅದರ ಮೇಲೆಯೇ, ಹೊರಗಿನಿಂದ ಬಂದ ಹಳದಿ ಹುಚ್ಚಿರುವೆಯ ಮೇಲೂ ಇದೆ. ನನಗೆ ಸಿಟ್ಟು ಹಾವಿನ ಮೇಲಲ್ಲ, ತಡ ಮಾಡಿದವರ ಮೇಲೆ. ಒಂದು ಕಾಲಕ್ಕೆ ಆ ಕಾಡಿನಲ್ಲಿ ಬಿದ್ದ ಮರಗಳ ಮೇಲೆಲ್ಲ ಬಿಸಿಲು ಕಾಯಿಸುತ್ತಿದ್ದ ಜೀವ ಆ ಹಾವುರಾಣಿ. ಸಾಕಿ ಸಂತತಿ ಬೆಳೆಸೋಣವೆಂದು 2009ರ ಹೊತ್ತಿಗೆ ಹುಡುಕಿದರೆ ಕೈಗೆ ಸಿಕ್ಕಿದ್ದು ಮೂರು. ಮೂರೂ ಹೆಣ್ಣು! ಕೊನೆಗುಳಿದದ್ದಕ್ಕೆ ಗಂಪ್ ಎಂದು ಹೆಸರಿಟ್ಟಿದ್ದರು. 2014ರ ಮೇ 31ರಂದು ಅದೂ ಸತ್ತಿತು.

ಹೊನ್ನಾವರದ ಭಾವ: ಹಲ್ಲಿಗೆ ನಾಮಕರಣ, ಮೇಲೆ ತಿಥಿ ಬೇರೆ! ಸರ್ಕಾರದ ದುಡ್ಡಿಗೆ ಹೇಳುವವರು ಕೇಳುವವರು ಇಲ್ಲವೇ?

ನಾನು: ಭಾವ, ಅದೇ ದ್ವೀಪದ ನೀಲಿ ಬಾಲದ ಹಾವುರಾಣಿ ಉಳಿದದ್ದು ಆ ದುಡ್ಡಿನಿಂದಲೇ. ಕಾಡಿನಲ್ಲಿ ಅದು ಈಗ ಇಲ್ಲ. ಆದರೆ ಮುಗಿದುಹೋಗುವ ಮುನ್ನ ಸಾಕಷ್ಟು ಹಿಡಿದಿದ್ದರಿಂದ ಸಾಕಣೆಯಲ್ಲಿ ಬೆಳೆದು, 2019ರಲ್ಲಿ ಕೋಕೋಸ್ ದ್ವೀಪಗಳಲ್ಲೊಂದಕ್ಕೆ ಬಿಡುವಷ್ಟಾಯಿತು.

ಹೊನ್ನಾವರದ ಭಾವ: ಹಾಗಾದರೆ ನಮ್ಮ ಕೂರ್ಮಗಡ ದ್ವೀಪದ ಜಾತ್ರೆಗೆ ದೋಣಿಯಲ್ಲಿ ಬಾಳೆಗೊನೆ ಒಯ್ಯುವುದೂ ಅಪರಾಧವೋ?

ನಾನು: ಧಾರಾಳವಾಗಿ ಒಯ್ಯಿರಿ. ದೋಣಿಗೆ ಹಾಕುವ ಮೊದಲು ಗೊನೆಯನ್ನೊಮ್ಮೆ ಕೊಡವಿ.

ಶಿರಸಿಯ ದೊಡ್ಡಮ್ಮ: ಬಾಲ ಮತ್ತೆ ಬರುತ್ತದೆಯೇನೇ ಅದಕ್ಕೆ?

ನಾನು: ಬರುತ್ತದೆ ದೊಡ್ಡಮ್ಮ. ಮಾವ, ಆ ಫಾರ್ವರ್ಡ್ ಅಳಿಸಿ.

ಕಾರವಾರದ ಮಾವ: ಅಳಿಸುವುದಿಲ್ಲ. ಬೇಕಾದರೆ ‘ಭಾರತೀಯ’ ತೆಗೆದು ಮತ್ತೆ ಹಾಕುತ್ತೇನೆ.

ನಾನು: ‘ವಿಷಕಾರಿ’ಯನ್ನೂ ತೆಗೆಯಿರಿ.

ಕಾರವಾರದ ಮಾವ: ಎರಡೂ ತೆಗೆದರೆ ಯಾರು ಓದುತ್ತಾರೆ?